ಹುಚ್ಚಕ್ಕನ ಹಾಡುಗಳಿದ್ದ ಸರ್ವರ್

ಭೂಮಿಯ ಮೇಲಿರುವ ಅಷ್ಟೂ ಸರ್ವರ್‌ಗಳು ನನ್ನ ಕೆಮ್ಮು ಕೇಳಿದರೆ ಸಾಕು, ಎದ್ದು ನಿಂತು ಬಾಗಿಲು ತೆರೆಯುತ್ತವೆ. ಒಮ್ಮೆ ಹೊಳಲ್ಕೆರೆಯಲ್ಲಿ ಕೂತು ಸೀನಿದ್ದಕ್ಕೆ ಜಪಾನಿನಲ್ಲಿ ಎರಡು ಕಂಪ್ಯೂಟರ್ ತಾವಾಗಿಯೇ ಆನ್ ಆದವು.

ಹಿರಿಯೂರಿನ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಇದನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತೇನೆ. ಆ ಸೋಮವಾರವೂ ಹೇಳುತ್ತಿದ್ದೆ, ಆದರೆ ಲ್ಯಾಪ್‌ಟಾಪ್ ಮುಚ್ಚಿಯೇ ಇಟ್ಟಿದ್ದೆ. ಎದುರಿಗೆ ಆದಿವಾಲದ ಕುರಿಗಾರ ಬೀರಪ್ಪಣ್ಣ, ಪಕ್ಕದಲ್ಲಿ ಅವನ ಹೆಂಡತಿ ಹುಚ್ಚಕ್ಕ. ಗಂಟಲಿನ ಕ್ಯಾನ್ಸರ್‌ಗೆ ಆಪರೇಷನ್ ಮಾಡಿ ಆಕೆಯ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಅದಕ್ಕೂ ಮೊದಲು ಕಾಲೇಜಿನ ಫರ್ಹಾನಾ ಮೇಡಂ ಆಕೆಯ ಇನ್ನೂರ ಹನ್ನೆರಡು ಹಾಡುಗಳನ್ನು ರೆಕಾರ್ಡ್ ಮಾಡಿ, ದೂರದ ಒಂದು ಸರ್ವರ್‌ನಲ್ಲಿ ಇಟ್ಟಿದ್ದರು. ಪ್ರತಿ ಸೋಮವಾರ ಗಂಡ ಹೆಂಡತಿ ಬಂದು ಕೇಳಿಕೊಂಡು ಹೋಗುತ್ತಿದ್ದರು.

"ಏನಪ್ಪ ರಂಗೇಶ, ಇವತ್ತು ಹಾಡು ಹಚ್ಚಲ್ವ?"

"ಬೀರಪ್ಪಣ್ಣ, ಮೂರು ದಿನ ಯುದ್ಧ ನಡೀತು! ರಷ್ಯಾದ ಕಳ್ರು ನಲವತ್ತು ಜನ ಒಟ್ಟಿಗೇ ನುಗ್ಗಿದ್ರು. ಮೂವತ್ತೊಂಬತ್ತು ಜನಾನ ನಾನೊಬ್ನೇ ಓಡಿಸ್ದೆ. ಒಬ್ಬ ತಪ್ಪಿಸ್ಕಂಡು ಹಾಡೆಲ್ಲ ಅಳಿಸಿಬಿಟ್ಟ."

"ಎಲ್ಲಾನೂವಾ?"

"ಎಲ್ಲಾನೂ."

ಹುಚ್ಚಕ್ಕ ಗಂಡನ ತೋಳು ಜಗ್ಗಿ ತುಟಿ ಆಡಿಸಿದಳು. ಕತ್ತಿಗೆ ಸುತ್ತಿದ್ದ ಬಟ್ಟೆ ಉಬ್ಬಿ ಇಳಿಯಿತು, ಅಷ್ಟೇ.

"ಜೋಗುಳಾನೂ ಹೋತಾ ಅಂತ ಕೇಳ್ತಾಳೆ," ಎಂದ ಬೀರಪ್ಪಣ್ಣ. "ಮೊಮ್ಮಗಳಿಗೆ ಕೇಳಿಸಬೇಕು ಅಂತಿದ್ಲು."

ಅಷ್ಟರಲ್ಲಿ ಫರ್ಹಾನಾ ಮೇಡಂ ಒಳಗೆ ಬಂದರು. ಸರ್ವರ್ ಖಾಲಿಯಾಗಿದ್ದನ್ನು ಅವರೂ ಬೆಳಿಗ್ಗೆ ನೋಡಿದ್ದರು. ಅವರ ಹಾರ್ಡ್ ಡಿಸ್ಕ್ ಹೋದ ತಿಂಗಳು ಕೆಟ್ಟಿತ್ತು. ಸರ್ವರ್‌ನಲ್ಲಿ ಇದ್ದದ್ದೇ ಕೊನೆಯ ಪ್ರತಿ. ಅದನ್ನು ಇಳಿಸಿಕೊಂಡು ಬಾ ಎಂದು ಶುಕ್ರವಾರ ನನಗೇ ಹೇಳಿದ್ದರು.

"ರಂಗೇಶ, ಸರ್ವರ್‌ಗೆ ಹೋಗುವಾಗ ಎಚ್ಚರಿಕೆ ಏನಾದ್ರೂ ಬಂತಾ?"

"ನನ್ ಲ್ಯಾಪ್‌ಟಾಪ್‌ಗೆ ನನ್ ಮೇಲೇ ಕೂಗಾಡೋ ಧೈರ್ಯ ಎಲ್ಲಿಂದ ಬರ್ಬೇಕು ಮೇಡಂ!"

ಅವರು ನಗಲಿಲ್ಲ. ಲ್ಯಾಪ್‌ಟಾಪ್ ಎಳೆದುಕೊಂಡು, ಆದೇಶ ಟೈಪ್ ಮಾಡುವ ಕಪ್ಪು ಕಿಟಕಿ ತೆರೆದು, ಮೇಲ್ಮುಖ ಬಾಣದ ಕೀಲಿಯನ್ನು ಒತ್ತುತ್ತಾ ಹೋದರು. ನಾನು ಟೈಪ್ ಮಾಡಿದ ಹಳೆಯ ಆದೇಶಗಳು ಒಂದೊಂದಾಗಿ ಹಿಂದಕ್ಕೆ ಬಂದವು. ಒಂದರ ಮುಂದೆ ಬೆರಳು ನಿಂತಿತು.

"ಸರ್ವರ್‌ನ ಹಳೇ ಗುರುತನ್ನ ಅಳಿಸು ಅಂತ ಬರ್ದಿದೀಯ. ಎಚ್ಚರಿಕೆ ಬರದೆ ಇದನ್ನ ಯಾರು ಬರೀತಾರೆ?"

"ಹಂಗಂದ್ರೇನು ಮೇಡಂ?" ಬೀರಪ್ಪಣ್ಣ ಕೇಳಿದ.

"ಮೊದಲ ಸಲ ಹೋದಾಗ ಸರ್ವರ್ ತನ್ನ ಗುರುತು ತೋರಿಸುತ್ತೆ. ಈ ಲ್ಯಾಪ್‌ಟಾಪ್ ಅದನ್ನ ನೆನಪಿಟ್ಕೊಳುತ್ತೆ. ಇನ್ನೊಂದಿನ ಅದೇ ಹೆಸರಲ್ಲಿ ಬೇರೆ ಗುರುತು ಕಂಡ್ರೆ, ನಿಲ್ಲು ಅನ್ನುತ್ತೆ. ಸರ್ವರನ್ನ ಹೊಸದಾಗಿ ಕಟ್ಟಿರಬಹುದು, ಇಲ್ಲ ನಡುವೆ ಕಳ್ಳ ಕೂತಿರಬಹುದು. ಯಾವುದು ಅಂತ ನನ್ನ ಕೇಳ್ಬೇಕಿತ್ತು."

ಬೀರಪ್ಪಣ್ಣ ನನ್ನ ಕಡೆ ತಿರುಗಿದ. "ಕಿವಿ ಗುರುತು ಬೇರೆ ಇದ್ರೆ ನಾವು ಕುರೀನೇ ರೊಪ್ಪಕ್ಕೆ ಬಿಟ್ಕಣಲ್ಲ ಕಣಲೇ. ನೀನೂ ಕುರಿಗಾರನ ಮಗನೇ ಅಲ್ವೇನೋ?"

ಹುಚ್ಚಕ್ಕ ನನ್ನ ಬಾಯನ್ನೇ ನೋಡುತ್ತಿದ್ದಳು. ಏನಾದರೂ ಹೇಳುತ್ತೇನೆ, ಹಾಡು ಎಲ್ಲೋ ಉಳಿದಿದೆ ಎನ್ನುತ್ತೇನೆ ಎಂದು ಕಾಯುತ್ತಿದ್ದಳು. ನನ್ನ ಹತ್ತಿರ ಇನ್ನೊಂದು ಸುಳ್ಳು ಸಿದ್ಧವಾಗಿಯೇ ಇತ್ತು. ಬಾಯಿಗೆ ಬರಲಿಲ್ಲ.

"ರಷ್ಯಾದವರು ಯಾರೂ ಇಲ್ಲ ಬೀರಪ್ಪಣ್ಣ. ಐಮಂಗಲದ ಹತ್ರ ಡಾಬಾದಾಗೆ ಕುಂತಿದ್ದೆ. ಅಲ್ಲಿ ಬಿಟ್ಟಿ ವೈಫೈ ಸಿಕ್ತು. ಪರದೆ ತುಂಬ ಇಂಗ್ಲಿಷ್ ದೊಡ್ಡಕ್ಷರದಾಗೆ ಆ ಎಚ್ಚರಿಕೆ ಬಂತು. ನನಗೆ ಅದು ಯಾವತ್ತೂ ಅರ್ಥ ಆಗಿಲ್ಲ ಮೇಡಂ. ಯಾವಾಗ ಬಂದ್ರೂ ಹಳೇದು ಅಳಿಸಿ ಯೆಸ್ ಒತ್ತೋದೇ. ನಿಮಗೆ ಫೋನ್ ಮಾಡಿದ್ರೆ ಇವನಿಗೇನೂ ಬರಲ್ಲ ಅಂತ ಗೊತ್ತಾಗುತ್ತಲ್ಲ ಅಂತ ಮಾಡ್ಲಿಲ್ಲ. ಪಾಸ್‌ವರ್ಡ್ ಹೊಡೆದೆ. ಕನೆಕ್ಷನ್ ಕಟ್ ಆತು. ನೆಟ್ವರ್ಕ್ ಸರಿ ಇಲ್ಲ ಅಂದ್ಕಂಡು ಊಟ ಮಾಡ್ದೆ. ಆಮೇಲೆ ಅಂಗಡಿಗೆ ಬಂದು ನೋಡಿದ್ರೆ ಸರ್ವರ್‌ನಾಗೆ ಒಂದು ಹಾಡೂ ಇರ್ಲಿಲ್ಲ. ಆ ಪಾಸ್‌ವರ್ಡ್ ಯಾರ ಕೈಗೆ ಹೋತೋ ಗೊತ್ತಿಲ್ಲ. ಕೊಟ್ಟವನು ನಾನೇ. ಅಕ್ಕಾ, ಜೋಗುಳಾನೂ ಹೋಗೈತೆ. ವಾಪಸ್ ತರಕ್ಕೆ ನನಗೆ ಬರಲ್ಲ."