ಕನ್ನಡಕದ ಡಬ್ಬಿಯಲ್ಲಿದ್ದ ಡಾಂಗಲ್

ಆ ಮನೆಯಲ್ಲಿ ಇಂಟರ್ನೆಟ್ ಇದ್ದದ್ದು ಮಾವನ ಕನ್ನಡಕದ ಡಬ್ಬಿಯಲ್ಲಿ. ಕಂಪ್ಯೂಟರೇನೋ ಅವರ ಕೋಣೆಯ ಮೇಜಿನ ಮೇಲೆ ಗೂಟ ಹೊಡೆದುಕೊಂಡು ಕೂತಿತ್ತು. ಆದರೆ ಅದರ ಸಿಪಿಯುಗೆ ಚುಚ್ಚುವ ಹೆಬ್ಬೆರಳುದ್ದದ ಡಾಂಗಲ್ಲನ್ನು ಅವರು ಕೆಲಸ ಮುಗಿದ ಕೂಡಲೇ ಕಿತ್ತು, ಡಬ್ಬಿಗೆ ಹಾಕಿ, ಡಬ್ಬಿಯನ್ನು ಜೇಬಿಗಿಳಿಸುತ್ತಿದ್ದರು. ಚುಚ್ಚಿಟ್ಟರೆ ನೆಟ್ ತಾನಾಗಿಯೇ ಸೋರಿಹೋಗುತ್ತದೆಂದು ಅವರ ನಂಬಿಕೆ. ತಿಳಿಹೇಳಲು ಹೋದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ.

ಇದೆಲ್ಲ ಗೊತ್ತಿದ್ದೂ ಸೊಸೆಗೆ ಬುದ್ಧಿ ಕೈಕೊಟ್ಟಿತ್ತು. ಮದುವೆಗೆ ಮುಂಚೆ ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದವಳು. "ಮನೆ ಸೊಸೆ ಊರವರ ರಕ್ತ ಹೀರೋಕೆ ಹೋಗೋದು ಬೇಡ" ಎಂದು ಮಾವ ಅಂದು ಮೂರು ವರ್ಷವಾಗಿತ್ತು. ಕಳೆದ ತಿಂಗಳು ಕದ್ದುಮುಚ್ಚಿ ಒಂದು ಲ್ಯಾಬಿಗೆ ಅರ್ಜಿ ಹಾಕಿದಳು. ಹಗಲಿಡೀ ಮನೆಯಲ್ಲಿರುವ ಒಂದೇ ಮೊಬೈಲ್ ಅತ್ತೆಯ ದಿಂಬಿನಡಿ. ಹಾಗಾಗಿ ಡಾಂಗಲ್ಲಿನೊಳಗಿನ ಸಿಮ್ಮಿನ ನಂಬರನ್ನೇ ಕೊಟ್ಟಳು. ಅದಕ್ಕೆ ಬಂದ ಮೆಸೇಜು ಕಂಪ್ಯೂಟರಿನಲ್ಲೇ ಕಾಣುತ್ತದಲ್ಲ. ಶುಕ್ರವಾರ ಮೆಸೇಜ್ ಬರುತ್ತದೆ, ನಾಲ್ಕು ಗಂಟೆಯೊಳಗೆ ಒಪ್ಪಿಗೆ ಕಳಿಸದಿದ್ದರೆ ಕೆಲಸ ಮುಂದಿನವರಿಗೆ ಎಂದಿದ್ದರು. ಇವತ್ತೇ ಶುಕ್ರವಾರ.

ಮೂರೂವರೆಗೆ ಅವಳು ಮಾವನ ಬಾಗಿಲಲ್ಲಿ ನಿಂತಳು.

"ಮಾವ, ನಿಮ್ಮ ರಕ್ತದ ರಿಪೋರ್ಟ್ ಬಂದಿರಬೇಕು. ನೋಡೋಣ್ವಾ?"

ಅದಕ್ಕೆ ಡಬ್ಬಿ ತೆರೆಯಿತು. ಮಾವ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಡಾಂಗಲ್ಲಿನ ದೀಪ ಕೆಂಪಾಗಿ, ಹಸಿರಾಗಿ, ನೀಲಿಯಾಗಿ ನೆಟ್ ಬರುವಷ್ಟರಲ್ಲಿ ಅವಳು ಗಡಿಯಾರವನ್ನು ಎರಡು ಸಲ ನೋಡಿದ್ದಳು.

"ಸಕ್ಕರೆ ಹತೋಟಿಯಲ್ಲಿದೆ. ಹಿಮೋಗ್ಲೋಬಿನ್ ಸ್ವಲ್ಪ ಕಮ್ಮಿ," ಎಂದು ಓದಿ ಹೇಳಿದಳು.

"ನೀನಿದ್ರೆ ಡಾಕ್ಟ್ರೇ ಬೇಡ ಬಿಡು," ಎಂದರು ಮಾವ, ಖುಷಿಯಾಗಿ.

ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಮೆಸೇಜ್ ಮೂಡಿತು. ಕೆಲಸ ಸಿಕ್ಕಿತ್ತು. ಅವಳು ಒಪ್ಪಿಗೆಯೆಂದು ಬರೆದು ಒತ್ತಿದಳು. ಚಕ್ರ ತಿರುಗತೊಡಗಿತು.

"ಯಾರದು ಅದು?"

"ನನ್ನದು ಮಾವ. ಲ್ಯಾಬಲ್ಲಿ ಕೆಲಸ ಸಿಕ್ಕಿದೆ."

ಮಾವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕೈಚಾಚಿ ಡಾಂಗಲ್ ಕಿತ್ತು, ಡಬ್ಬಿಗೆ ಹಾಕಿ, "ರಿಪೋರ್ಟ್ ನೋಡಾಯ್ತಲ್ಲ" ಎಂದು ಎದ್ದರು. ಒಪ್ಪಿಗೆ ಹೋಯಿತೋ ಇಲ್ಲವೋ ಎಂದು ತಿಳಿಯಬೇಕಾದರೂ ಮತ್ತೆ ಆ ಡಬ್ಬಿಯೇ ತೆರೆಯಬೇಕು. ಗಡಿಯಾರದಲ್ಲಿ ಮೂರು ಐವತ್ತೆರಡು.

ಅವಳು ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ದಾರಿ ಬಿಡಮ್ಮ."

"ಡಾಂಗಲ್ ಕೊಡಿ, ಬಿಡ್ತೀನಿ."

"ಕೊಡದಿದ್ರೆ?"

"ಇಬ್ರೂ ಇಲ್ಲೇ ಇರೋಣ ಮಾವ. ನನಗೆ ಅಭ್ಯಾಸ ಇದೆ."

ಮಾವ ಕಿಟಕಿಯ ಸರಳು ನೋಡಿದರು, ಬಾಗಿಲು ನೋಡಿದರು, ಮತ್ತೆ ಕುರ್ಚಿಯಲ್ಲಿ ಕೂತರು. ಕೂತಲ್ಲಿ ಕೂರಲಾಗದೆ ಎದ್ದರು. ಮೂರು ಐವತ್ತೆಂಟಕ್ಕೆ ಜೇಬಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು.

ಅವಳು ಓಡಿಬಂದು ಡಾಂಗಲ್ ಚುಚ್ಚಿದಳು. ಕೆಂಪು, ಹಸಿರು, ನೀಲಿ. ಮೆಸೇಜ್ ಹೋಗಿರಲಿಲ್ಲ, ಮತ್ತೆ ಕಳಿಸಲೇ ಎಂದು ಕಂಪ್ಯೂಟರ್ ಕೇಳಿತು. ಅವಳು ಒತ್ತಿದಳು. ಈ ಸಲ ಇನ್ನೊಂದು ಕೈಯಲ್ಲಿ ಡಾಂಗಲ್ಲನ್ನು ಗಟ್ಟಿಯಾಗಿ ಮುಚ್ಚಿ ಹಿಡಿದಿದ್ದಳು.