ಎರಡು ನಿಮಿಷದ ಡೀಬಗ್

ಆಫ್ ಮಾಡಲು ಮರೆತಿದ್ದ. ಅಷ್ಟೇ. ಪ್ರೋಗ್ರಾಮಿನ ತಪ್ಪು ಹುಡುಕಲು ಎರಡು ನಿಮಿಷಕ್ಕೆಂದು ಆನ್ ಮಾಡಿದ ಡೀಬಗ್ ಮೂರು ವಾರದಿಂದ ಹಾಗೇ ಓಡುತ್ತಿತ್ತು.

ಆಸ್ಪತ್ರೆಯ ಲ್ಯಾಬಿನಿಂದ ಡಾಕ್ಟರುಗಳಿಗೆ ರಿಪೋರ್ಟು ಕಳಿಸುವ ಆ ಪುಟ್ಟ ಕಂಪ್ಯೂಟರ್ ಕಮಾಂಡು ಅವನದೇ ಸೃಷ್ಟಿ. ಮಾಮೂಲಿಯಾಗಿ ಅದು ‘ಕಳಿಸಿದೆ’ ಎಂದು ಹೇಳಿ ಬಾಯಿ ಮುಚ್ಚುತ್ತಿತ್ತು. ಡೀಬಗ್ ಇದ್ದರೆ ಹೊಟ್ಟೆಯಲ್ಲಿರುವುದನ್ನೆಲ್ಲ ಕಕ್ಕುತ್ತದೆ: ಪಾಸ್‌ವರ್ಡು, ರೋಗಿಯ ಹೆಸರು, ಕಾಯಿಲೆ. ಕಕ್ಕಿದ್ದೆಲ್ಲ ಲಾಗೆಂಬ ದಾಖಲೆಯ ಫೈಲಿಗೆ, ಲಾಗು ದಿನಾ ಬೆಳಿಗ್ಗೆ ವಿಭಾಗದ ನಲವತ್ತು ಜನರ ಮೇಲ್‌ಗೆ. ಆ ಏರ್ಪಾಡೂ ಈ ಬುದ್ಧಿವಂತನದೇ.

ಯಾರು ಓದುತ್ತಾರೆ, ಎಂದುಕೊಂಡ. ಅವನೇ ಓದುತ್ತಿರಲಿಲ್ಲ. ಆದರೂ ಎಷ್ಟು ಜನರ ಮಾನ ಬೀದಿಗೆ ಬಿದ್ದಿದೆ ನೋಡೋಣವೆಂದು ಮೊದಲ ದಿನದಿಂದ ಓದುತ್ತ ಬಂದ.

ಎರಡನೆಯ ದಿನದ ಲಾಗಿನಲ್ಲಿ ಅವನ ಹೆಂಡತಿ ಇದ್ದಳು. ಗಂಡನ ಹೆಸರಿನ ಜಾಗದಲ್ಲಿ ಅವನ ಹೆಸರು. ಗುಟ್ಟಾಗಿ ದೂರದ ಯಾವುದೋ ಕ್ಲಿನಿಕ್ಕಿಗೆ ಹೋಗಿದ್ದಾಳೆ. ಆ ಕ್ಲಿನಿಕ್ಕು ಸ್ಯಾಂಪಲ್ ಕಳಿಸುವುದು ಇದೇ ಲ್ಯಾಬಿಗೆ ಎಂದು ಪಾಪ ಅವಳಿಗೇನು ಗೊತ್ತು. ಬಯಾಪ್ಸಿ. ಕ್ಯಾನ್ಸರ್. ಮೂರು ಸಲ ಓದಿದ.

ಫೋನು ಮಾಡಿದ.

“ಏನ್ರೀ, ಈ ಹೊತ್ನಲ್ಲಿ?”

“ಸುಮ್ನೆ. ಹುಷಾರಾಗಿದೀಯಾ?”

“ನಂಗೇನಾಗಿದೆ ಧಾಡಿ? ಊಟ ಮಾಡಿದ್ರಾ?”

“ಹ್ಞೂಂ. ಏನಾದ್ರೂ ಹೇಳೋದಿತ್ತಾ?”

ಅತ್ತ ನಲ್ಲಿಯ ನೀರು ಬೀಳುವ ಸದ್ದು. ಬೀಳುತ್ತಲೇ ಇತ್ತು.

“ಬರ್ತಾ ಸೋಪು ತನ್ನಿ,” ಎಂದಳು.

ಗೊತ್ತಾಯಿತು ಎಂದರೆ ಹೇಗೆ ಗೊತ್ತಾಯಿತು ಎನ್ನುತ್ತಾಳೆ. ಭಯವಾಯಿತು. ಅವಳು ಸಾಯುತ್ತಾಳೆಂದೋ, ತನಗೆ ಹೇಳಲಿಲ್ಲವೆಂದೋ, ಕೆಲಸ ಹೋಗುತ್ತದೆಂದೋ. ಯಾವುದು ಮೊದಲು ಬಂತೆಂದು ತಿಳಿಯದೆ ನಾಚಿಕೆಯೂ ಆಯಿತು. ಡೀಬಗ್ ಆಫ್ ಮಾಡಿದ. ಲಾಗು ಅಳಿಸಿದ. ನಲವತ್ತು ಜನರ ಮೇಲ್ ಅವನ ಕೈಯಲ್ಲಿರಲಿಲ್ಲ.

ಲ್ಯಾಬಿನ ಮೇಡಂ ಯಾವುದೋ ಫೈಲಿಗೆಂದು ಬಂದರು. ಅವನು ತಮಾಷೆಗೆಂಬಂತೆ ಕೇಳಿದ:

“ಬೆಳಿಗ್ಗೆ ಬರೋ ಲಾಗ್ ಮೇಲ್ ನೀವು ಓದ್ತೀರಾ, ಮೇಡಂ?”

“ಅಯ್ಯೋ, ಅದನ್ನೆಲ್ಲ ಯಾರು ಓದ್ತಾರೆ ಬಿಡಿ.”

ಫೈಲು ತೆಗೆದುಕೊಂಡರು. ಬಾಗಿಲವರೆಗೆ ಹೋದವರು ತಿರುಗಿ ನಿಂತರು.

“ನೀವು ಸ್ವಲ್ಪ ದಿನ ರಜೆ ಹಾಕಿ ಮನೇಲಿರಿ. ಇಲ್ಲಿ ನಾವೆಲ್ಲ ನೋಡ್ಕೋತೀವಿ.”

ಸಂಜೆ ಲಿಫ್ಟಿನಲ್ಲಿ ಆಗಲೇ ವಿಭಾಗದ ಎಂಟು ಜನರಿದ್ದರು. ಅವನನ್ನು ಕಂಡು ಮಾತು ನಿಂತಿತು. ಎಂಟೂ ಜನ ಗೋಡೆಗೆ ಅಂಟಿಕೊಂಡು, ನಡುವೆ ಒಂದು ಸ್ಟ್ರೆಚರ್ ಹಿಡಿಯುವಷ್ಟು ಜಾಗ ಬಿಟ್ಟರು. ಅವನು ಹೋಗಿ ಅಲ್ಲಿ ನಿಂತ.