ಎತ್ತಿದ ಕೈ

ತೊಟ್ಟಿಯ ನೀರಿನ ಮೇಲೆ ಕೆಸರಿನ ಕೆನೆ, ಬೆರಳು ತಾಗಿದರೆ ಒಡೆದು ಮತ್ತೆ ಕೂಡಿಕೊಳ್ಳುತ್ತದೆ, ನೀರು ತಣ್ಣಗಾಗಿ ಎಷ್ಟು ಹೊತ್ತಾಯಿತೋ, ಪಂದ್ಯ ಮುಗಿಸಿದ ಉಳಿದ ಫುಟ್‌ಬಾಲ್ ಆಟಗಾರರೆಲ್ಲ ಮೈ ಒರೆಸಿಕೊಂಡು ಹೋದರು, ಈನಕ್ ಬರ್ಟ್‌ವೆಲ್ ಒಬ್ಬನೇ ತೊಟ್ಟಿಯಲ್ಲಿ ಕೂತಿದ್ದಾನೆ, ಎದುರಿನ ಗೂಟದಲ್ಲಿ ಕ್ಲೆಮ್‌ನ ಟೋಪಿ — ಗೋಲು ಕಾಯುವಾಗ ಬಿಸಿಲಿಗೆ ಹಾಕುವ ಟೋಪಿ, ಇವತ್ತು ಬೆಳಿಗ್ಗೆಯಿಂದ ಜಿನುಗು ಮಳೆ, ಅದಕ್ಕೇ ಬಿಟ್ಟು ಆಡಲು ಬಂದ, ಅವನನ್ನು ಆಸ್ಪತ್ರೆಗೆ ಒಯ್ಯುವಾಗಲೂ ಯಾರಿಗೂ ನೆನಪಾಗಲಿಲ್ಲ. ಮೂವರು. ಚೆಂಡು ಹೊರಡುವಾಗ ಎದುರಾಳಿಗೂ ನಮ್ಮ ಗೋಲಿಗೂ ನಡುವೆ, ಗೋಲು ಕಾಯುವವನೂ ಸೇರಿ, ನಮ್ಮವರು ಮೂವರಿಲ್ಲದಿದ್ದರೆ ಅವನು ಆಫ್‌ಸೈಡ್, ಆಟ ನಿಲ್ಲುತ್ತದೆ, ಇಷ್ಟೇ ಕಾನೂನು, ಗೋಲಿನ ಮುಂದೆ ತಡೆಯುವ ಬ್ಯಾಕ್ ಆಗಿ ಈನಕ್ ಒಂಬತ್ತು ವರ್ಷ ಈ ಎಣಿಕೆಯ ಮೇಲೇ ಬದುಕಿದ, ಚೆಂಡು ಹೊರಡುವ ಮುಂಚೆ ಹಿಂದೆ ಕಣ್ಣಾಡಿಸಿ ಒಂದು ಹೆಜ್ಜೆ ಮುಂದೆ, ಕೈ ಮೇಲೆ, ರೆಫರಿಯ ಸಿಳ್ಳೆ — ಬ್ಯಾಕ್ ಅಂದ್ರೆ ಒದೆಯೋನಲ್ಲ ಕಣೋ, ಎಣಿಸೋನು, ತರಬೇತಿಯ ಮುದುಕ ಮಾಸಪ್ ಮೊದಲ ದಿನವೇ ಹೇಳಿದ್ದ, ಆಗ ಇವನ ಉಗುರಿನ ಸಂದಿಯಲ್ಲಿ ಗಣಿಯ ಕಲ್ಲಿದ್ದಲು ಇನ್ನೂ ಹೋಗಿರಲಿಲ್ಲ, ಆಮೇಲೆ ಊರಿನವರೇ ನಗುತ್ತಿದ್ದರು, ಈನಕ್ ಕೈ ಎತ್ತಿದ್ನಾ, ಸರಿ, ನಿಶ್ಚಿಂತೆಯಿಂದ ಪೈಪು ಹಚ್ಕೊಳ್ಳಿ. ಎರಡು ಚಳಿಗಾಲದ ಹಿಂದೆ ನೆನೆದು ಕಲ್ಲಾದ ಚೆಂಡಿಗೆ ತಲೆ ಕೊಟ್ಟಾಗ ಅದರ ತೊಗಲ ದಾರ ಎಡಗಣ್ಣಿಗೇ ಬಿತ್ತು, ಮೊದಲು ಮಂಜು, ಆಮೇಲೆ ಅದೂ ಇಲ್ಲ, ಗೊತ್ತಿದ್ದವನು ಕ್ಲೆಮ್ ಒಬ್ಬನೇ, ಹೇಳಿದ್ರೆ ಆಟ ಹೋಯ್ತು, ಮತ್ತೆ ಗಣಿಗೆ ಇಳೀತೀಯೇನೋ ಕುರುಡಾ, ಸುಮ್ನಿರು, ನಾನಿದ್ದೀನಿ, ಅಂದಿದ್ದ — ಆಗಸ್ಟಿನ ತಪಾಸಣೆಯಲ್ಲಿ ಮಾಸಪ್ ಇವನ ಬಲಗಣ್ಣು ಮುಚ್ಚಿ, ಎಷ್ಟು ಬೆರಳು ಅಂದ, ಮುದುಕನ ಬೆನ್ನ ಹಿಂದೆ ಕ್ಲೆಮ್ ಎರಡು ಸಲ ಕೆಮ್ಮಿದ, ಎರಡು ಅಂದ ಈನಕ್, ನಾಲ್ಕು ಸಲ ಕೆಮ್ಮಿದ, ನಾಲ್ಕು, ನಿಂಗೇನು ಕ್ಲೆಮ್ ಕ್ಷಯವೇ ಅಂತ ಮುದುಕ ಬೈದ, ಆ ಸಂಜೆ ಇಬ್ಬರೂ ಬಿಯರು ಚೆಲ್ಲುವಷ್ಟು ನಕ್ಕಿದ್ದರು. ಇವತ್ತೂ ಎಣಿಸಿದ್ದ, ಗೋಲಿನಲ್ಲಿ ಕ್ಲೆಮ್ ಒಬ್ಬ, ಬಲಕ್ಕೆ ಜೊತೆಗಾರ ಬ್ಯಾಕ್ ಇನ್ನೊಬ್ಬ, ಇಬ್ಬರೇ, ಹೆಜ್ಜೆ ಇಟ್ಟ, ಕೈ ಎತ್ತಿದ, ಎಡಗಡೆ ಹಿಂದಕ್ಕೆ ಓಡಿಬಂದು ನಿಂತಿದ್ದ ತಮ್ಮ ತಂಡದ ಆಸಾ ಕಾಣಲಿಲ್ಲ, ಮೂರನೆಯವನು, ಸಿಳ್ಳೆ ಬರಲಿಲ್ಲ, ಎದುರಾಳಿ ಓಡುತ್ತಲೇ ಇದ್ದ, ಕ್ಲೆಮ್ ಮಾತ್ರ ಇವನ ಕೈ ನೋಡುತ್ತ ನಿಂತಿದ್ದ, ಈ ಕಣ್ಣಿನ ಸಂಗತಿ ತಿಳಿದ ಒಬ್ಬನೇ ಒಬ್ಬ, ಅವನೇ ಕೈಯನ್ನು ನಂಬಿ ನಿಂತ, ಸಿಳ್ಳೆ ಇಲ್ಲವೆಂದು ತಿಳಿದು ಚೆಂಡಿಗೆ ಹಾರುವಾಗ ತಡವಾಗಿತ್ತು, ಎದುರಾಳಿಯ ಬೂಟು ಅವನ ಕಿವಿಯ ಮೇಲೆ —

ಬಾಗಿಲು, ಮಾಸಪ್, ಹ್ಯಾಟು ಕೈಯಲ್ಲಿ. ಕ್ಲೆಮ್ ಹೋದ ಕಣೋ, ಆಸ್ಪತ್ರೆ ಮುಟ್ಟೋಕೆ ಮೊದಲೇ, ಮೇಬಲ್‌ಗೆ ನೀನೇ ಹೇಳಬೇಕು, ಅವಳ ಗಂಡನ ಗೆಳೆಯ ನೀನು. ನೀರು ಅಲುಗಲಿಲ್ಲ. ಆಸಾ ಹಿಂದೆ ಇದ್ದನಲ್ಲೋ, ಕಾಣಲಿಲ್ವಾ, ಅಂದ ಮಾಸಪ್. ಬಿಸಿಲು ಕಣ್ಣಿಗೆ ಹೊಡೀತು, ಅಂದುಬಿಟ್ಟ ಈನಕ್. ಮಾಸಪ್ ಒದ್ದೆ ಹ್ಯಾಟನ್ನು ಒಮ್ಮೆ ನೋಡಿದ, ಗೂಟದ ಟೋಪಿಯನ್ನೂ ನೋಡಿದ, ಆಮೇಲೆ ತೊಟ್ಟಿಯ ಹತ್ತಿರ ಬಂದು ಬಗ್ಗಿ ಇವನ ಬಲಗಣ್ಣಿನ ಮೇಲೆ ಮೆಲ್ಲಗೆ ಅಂಗೈ ಇಟ್ಟ, ಎಷ್ಟು ಬೆರಳು ಮಗಾ, ಕತ್ತಲು, ಎಷ್ಟು ಹೇಳು, ಎಲ್ಲೋ ಒಂದು ಕೈ ಎತ್ತಿದೆ, ಈನಕ್ ಬೆನ್ನ ಹಿಂದಿನ ಕೆಮ್ಮಿಗೆ ಕಾದ, ಕೆಮ್ಮು ಬರಲಿಲ್ಲ, ಕತ್ತಲಲ್ಲಿ ತನ್ನದೇ ಒಂದು ಕೈ ಎತ್ತಿದೆ, ಕ್ಲೆಮ್ ಅದನ್ನೇ ನೋಡುತ್ತಿದ್ದಾನೆ.